ನೀರು ತಾಗಿಸಬೇಡಿ

ಬೇರೆಯವರು ತಿಥಿ ಎಣಿಸಿ ಇಳಿತದ ಹೊತ್ತು ಹೇಳುತ್ತಾರೆ,
ನನಗೆ ಕ್ಲಿನಿಕ್ಕಿನ ಬೆಂಚು ಸಾಕು.
ಅಮಾಸೆಯ ಮರುದಿನ, ತದಡಿಯ ಹೊಳೆ ತಳ ತೋರಿಸಿದ ಎರಡು ತಾಸಿಗೆ
ಬಂದು ಕೂರುತ್ತವೆ ಪಾದಗಳು
ಕೆಸರು ಒಣಗಿ ಬೂದಿ ಬಣ್ಣ, ನಡುವೆ ಒಂದು ಕೆಂಪು ಗೆರೆ.
ಬೆಳಚು ಹೆಕ್ಕಿದವರಿಗೆ ಹೆಬ್ಬೆರಳ ಕೆಳಗೆ,
ಕಲ್ಗ ಕೆತ್ತಿದವರಿಗೆ ಅಂಗೈಗೆ,
ಬಲೆ ಬಿಡಿಸುವವರಿಗೆ ಬೆರಳ ಸಂದಿಗೆ.
ಹೆಸರು ಕೇಳುವ ಮೊದಲೇ ಕಸುಬು ಗೊತ್ತು.

ಡಾಕ್ಟರು ಕುಮಟೆಯಿಂದ ಹನ್ನೊಂದರ ಬಸ್ಸಿಗೆ.
ಅಷ್ಟರೊಳಗೆ ತೊಳೆಯುವುದು ನಾನು.
ಇಪ್ಪತ್ತೆರಡು ವರ್ಷ. ಪಗಾರದ ಪುಸ್ತಕದಲ್ಲಿ ಡ್ರೆಸ್ಸರ್,
ಊರಿಗೆ ಪಟ್ಟಿ ಮಾಸ್ತರ.

ಮೊನ್ನೆ ಸಂಕೇತ ಖಾರ್ವಿ ಎಂಬ ಹುಡುಗ
ತೇಡೆ ಮೀನಿನ ಮುಳ್ಳು ಹೊಡೆಸಿಕೊಂಡು ಬಂದ.
ಮೀಸೆ ಈಗಷ್ಟೇ ಮೊಳೆತಿದೆ, ಅಳಲೊಲ್ಲ.
ಬೋಗುಣಿಯ ಬಿಸಿನೀರಿಗೆ ನನ್ನ ಮೊಣಕೈ ಅದ್ದಿ,
ಕೂಸಿನ ಮೀಯಿಸಾಟಕ್ಕೆ ನೋಡುವ ಹಾಗೆ ನೋಡಿ,
ಅವನ ಕೈ ಇಡಿಸಿದೆ.
ಅರ್ಧ ತಾಸಿಗೆ ಉರಿ ಇಳಿಯಿತು. ಆಗ ಅತ್ತ.
ನೋವು ಹೋದ ಮೇಲೆ ಅಳುವವರೇ ಇಲ್ಲಿ ಹೆಚ್ಚು.

ದ್ಯಾವಿ ಅಂಬಿಗ ವರ್ಷಕ್ಕೆ ನಾಲ್ಕು ಸಲ.
ಯಾವಾಗಲೂ ಎಡಗಾಲು.
ಚಿಮಟದಲ್ಲಿ ಚಿಪ್ಪಿನ ಚೂರು ಹಿಡಿದು ಎಳೆದರೆ
ಮಾಡಿನ ಹಂಚು ನೋಡುತ್ತ ಬೆಳಚಿನ ದರ ಹೇಳುತ್ತಾಳೆ,
ನೂರಕ್ಕೆ ಇಷ್ಟು, ಕುಮಟೆ ಪೇಟೆಯಲ್ಲಾದರೆ ಇಷ್ಟು.
ತೊಳೆದು, ಅಯೋಡಿನ್ ಹಚ್ಚಿ, ಪಟ್ಟಿ ಸುತ್ತಿ
ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಐದು ದಿನ ನೀರು ತಾಗಿಸಬೇಡಿ.

ಅವಳು ಕಿಟಕಿಯತ್ತ ನೋಡಿದಳು.
ಕಿಟಕಿಯ ತುಂಬ ಅಘನಾಶಿನಿ,
ಅದರಾಚೆ ಸಮುದ್ರ.
"ನೀರಿಲ್ದೇ ಇದ್ದ ಜಾಗ ತೋರ್ಸಿ ಮಾಸ್ತರ,
ಅಲ್ಲೇ ಕಾಲಿಡ್ತೆ."

ಮಾತಿಗೆ ಉತ್ತರ ಇರಲಿಲ್ಲ, ಹಾಲಿನ ಕೊಟ್ಟೆ ಇತ್ತು.
ತೊಳೆದು, ಒರೆಸಿ, ಪಟ್ಟಿಯ ಮೇಲೆ ಏರಿಸಿ ರಬ್ಬರು ಹಾಕಿದೆ.
ಇದು ಮದ್ದಲ್ಲ, ರಾಜಿ. ಇಬ್ಬರಿಗೂ ಗೊತ್ತಿತ್ತು.
ಮೂವತ್ತು ರೂಪಾಯಿ ಮುಂದಿನ ವಾರ ಎಂದವಳು
ಮೇಜಿನ ಕೆಳಗೆ ಒಂದು ಚೀಲ ಬೆಳಚು ಇಟ್ಟು ಹೋದಳು.
ಮೂವತ್ತು ನಾನೇ ಡಬ್ಬಿಗೆ ಹಾಕಿದೆ.

ಆ ರಾತ್ರಿ ಮೆಟ್ಟುಗತ್ತಿಗೆ ಒತ್ತಿ ಒತ್ತಿ ಚಿಪ್ಪು ತೆರೆಯುತ್ತ
ಹತ್ತನೆಯದೋ ಹನ್ನೊಂದನೆಯದೋ
ಜಾರಿತು. ಬಲ ಅಂಗೈ.
ಬೇರೆಯವರ ರಕ್ತಕ್ಕೆ ಎಂದೂ ತಿರುಗದ ತಲೆ
ನನ್ನದಕ್ಕೆ ತಿರುಗಿತು. ಹೆಂಡತಿ ನಕ್ಕಳು,
ಆಮೇಲೆ ಬಾಯಿಗೆ ಸೆರಗು ಇಟ್ಟುಕೊಂಡು ಅರಿಶಿನದ ಡಬ್ಬಿ ಹುಡುಕಿದಳು.
ಬೇಡ, ಅರಿಶಿನ ಬೇಡ ಎಂದು ಕೂಗಿದೆ,
ರೋಗಿಗಳಿಗೆ ಕೂಗುವ ಅದೇ ದನಿಯಲ್ಲಿ.

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಎಡಗೈಯಿಂದ ಬಲಗೈಗೆ ಸುತ್ತಲು ಹೋದರೆ
ಪಟ್ಟಿಯ ಉಂಡೆ ಕೈಜಾರಿ
ಬೆಂಚಿನ ಕೆಳಗಿಂದ, ಆರು ಜನರ ಕಾಲುಗಳ ನಡುವಿಂದ
ಬಿಳಿ ದಾರಿ ಬಿಚ್ಚುತ್ತ ಬಾಗಿಲ ತನಕ ಉರುಳಿತು.
ಬಾಗಿಲಲ್ಲಿ ದ್ಯಾವಿ.
ಕೊಟ್ಟೆ ಹರಿದಿದೆ, ಪಟ್ಟಿ ನೆಂದು ಜೋತಿದೆ.

"ನೆಲಕ್ಕೆ ಬಿದ್ದದ್ದು ಬ್ಯಾಡ ಹೇಳಿ ನೀವೇ ಅಲ್ದಾ ಹೇಳೂದು?"
ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಳು,
ಇಷ್ಟು ವರ್ಷ ಸುಮ್ಮನೆ ಹಂಚು ನೋಡುತ್ತಿರಲಿಲ್ಲ ಅವಳು.
ಹೊಸ ಉಂಡೆ ಬಿಚ್ಚಿ, ಬಿಗಿಯಾಗದೆ ಸಡಿಲಾಗದೆ ಸುತ್ತಿ
ಕೊನೆಗೆ ಬಲೆಯ ಗಂಟು.
ಆ ಗಂಟು ನನಗೆ ಬರುವುದಿಲ್ಲ.
ಆಮೇಲೆ ಮುಖ ಗಂಭೀರ ಮಾಡಿಕೊಂಡು,
ಶುದ್ಧ ಪುಸ್ತಕದ ಕನ್ನಡದಲ್ಲಿ,
"ಐದು ದಿನ ನೀರು ತಾಗಿಸಬೇಡಿ."

ಬೆಂಚಿನ ಆರೂ ಜನ ನಕ್ಕರು.
ಅವಳ ಕಾಲ ಕೆಳಗೆ ಬೋಗುಣಿ ಎಳೆದೆ.
ಗ್ಲೌಸು ಗಂಟಿನ ಮೇಲೆ ಏರಲಿಲ್ಲ, ಎರಡು ಸಲ ನೋಡಿದೆ.
ಹನ್ನೊಂದಕ್ಕೆ ಇನ್ನೂ ಮುಕ್ಕಾಲು ತಾಸು.
ದ್ಯಾವಿ ಕಾಲಿನ ರಬ್ಬರು ಬಿಚ್ಚಿ ನನ್ನತ್ತ ಚಾಚಿ ಕೇಳಿದಳು:
"ಕೊಟ್ಟೆ ಉಂಟಾ?"