ಅಚ್ಚು

ಒಪುವೋ ಪೇಟೆಯ ಕೊನೆಗೆ, ಪೆಟ್ರೋಲ್ ಬಂಕಿನ ಬೆನ್ನಿಗೆ
ಹಾಂಗುಲಾನ ಅಂಗಡಿ.
ಹೊರಗೆ ಬಿಸಿಲಿಗೆ ಬಾಡುವ ಟೈರು, ಒಳಗೆ ನೆರಳಿಗೆ ಕೂತ ಟೈರು.
ಬೆಲೆ ಮಾತ್ರ ಎರಡಕ್ಕೂ ಒಂದೇ.

ನಾನು ಬೋರ್‌ವೆಲ್ ರಿಪೇರಿಯವಳು.
ಗಾಡಿಯ ಬೆನ್ನಲ್ಲಿ ಪೈಪು, ಕಪ್ಪಿ, ಸರಪಳಿ,
ಎರಡು ಡ್ರಮ್ಮು ಡೀಸೆಲ್ಲು, ಸುತ್ತಿಟ್ಟ ಹಾಸಿಗೆ.
ಇಷ್ಟನ್ನೂ ಹೊರುವ ನಾಲ್ಕು ಕಾಲು ಬೇಕು,
ಕೈಕೊಟ್ಟಾಗ ಇನ್ನೊಂದು.

ಮೊದಲು ಉರುಳಿಸಿ ತಂದದ್ದು ಕೆಸರಿನ ಟೈರು:
ದವಡೆ ಹಲ್ಲಿನಂಥ ಗಂಟು, ನಡುವೆ ಬೆರಳು ಮುಳುಗುವ ಸಂದು.
‘ಸಿಂಹ ನೋಡು ಇದು.’
ಹೌದಪ್ಪಾ, ಆದರೆ ನಮ್ಮಲ್ಲಿ ಕೆಸರೆಲ್ಲಿದೆ?
ವರ್ಷಕ್ಕೆ ಹನ್ನೊಂದು ದಿನ, ಅದೂ ದೇವರಿಗೆ ನೆನಪಾದರೆ.
ಮರಳಿಗಿಳಿದರೆ ಈ ಸಿಂಹ ತನ್ನ ಗುಂಡಿ ತಾನೇ ತೋಡುತ್ತದೆ,
ಟಾರು ಹತ್ತಿದರೆ ಇನ್ನೂರು ಕಿಲೋಮೀಟರು
ಕಿವಿಯೊಳಗೊಂದು ಜೇನುಗೂಡು.

ಎರಡನೆಯದು ನುಣುಪು, ಮದುವೆಗೆ ಹೊರಟ ಹಾಗೆ.
ಹೆಬ್ಬೆರಳಿಂದ ಪಕ್ಕೆ ಒತ್ತಿದೆ, ಒಳಗೆ ಹೋಯಿತು.
ಕಡಿದ ಮೊಪಾನೆ ಮರದ ಮೋಟು ಗೊತ್ತಲ್ಲ,
ಹುಲ್ಲಲ್ಲಿ ಅಡಗಿ ಕೂರುತ್ತದೆ, ಗೇಣುದ್ದ, ಈಟಿಯ ಚೂಪು;
ಅಂಗಾಲಿಗೆ ಚುಚ್ಚುವುದಿಲ್ಲ, ಪಕ್ಕೆಗೇ ತಿವಿಯುತ್ತದೆ.
ಅಂಗಾಲ ತೂತಿಗೆ ಬತ್ತಿ ತುರುಕಬಹುದು,
ಪಕ್ಕೆ ಸೀಳಿದರೆ ಮುಗಿಯಿತು.

ಕಲ್ಲಿಗೆ ಗಟ್ಟಿ ಪಕ್ಕೆ ಬೇಕು. ಮರಳಿಗೆ,
ಗಾಳಿ ಇಳಿಸಿದೊಡನೆ ಆನೆಯ ಅಂಗಾಲಿನಂತೆ ಹರಡುವ ಮೆತ್ತನೆ.
ಎಣ್ಣೆ ಸೀಗೆಕಾಯಿಯನ್ನು ಒಂದೇ ಮನೆಯಲ್ಲಿ ಬಾಳಿಸಲು ಹೊರಟವಳು
ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಅದರ ನಾಲ್ಕಂಕಿಯ ಜಾತಕದ ಮೇಲೆ
ಹಾಂಗುಲಾ ಬೆಲೆಚೀಟಿ ಅಂಟಿಸಿದ್ದ. ಉಗುರಿಂದ ಕೆರೆದೆ.
ಮೊದಲೆರಡು ವಾರ, ಕೊನೆಯೆರಡು ವರ್ಷ:
ಹುಟ್ಟಿ ಏಳು ವರ್ಷ!
‘ಮಾಗಿದ್ದು’ ಅಂದ, ಮುಖ ಆಚೆ ತಿರುಗಿಸಿ.

ಬಾಗಿಲಲ್ಲಿ ಚಪ್ಪಲಿ ಮಾಡುವ ಮುದುಕ ಚಿಪೊಂಬೊ ಕೆಮ್ಮಿದ.
ಅವನಿಗೆ ಟೈರೆಂದರೆ ಇನ್ನೂ ಆಗದ ಚಪ್ಪಲಿ.
‘ತಂತಿ ಕಮ್ಮಿ ಇರೋದು ತಗೋಮ್ಮ,
ಹೋದ ಸಲದ್ದು ಎರಡು ಚೂರಿ ತಿಂತು.’
‘ನನ್ನ ಗಾಡಿಗೆ ಕೊಳ್ಳಲೋ, ನಿನ್ನ ಗಿರಾಕಿಗೋ?’
ಎಂದು ನಕ್ಕವಳು ಸುಮ್ಮನಾದೆ.

ಹೋದ ವರ್ಷ ಹೋರುಸಿಬ್ ನದಿಯ ಒಣ ಪಾತ್ರದಲ್ಲಿ
ಗಾಡಿಯ ಅಚ್ಚು ಮುರಿದು ಕೂತಿದ್ದೆ.
ಎರಡನೆಯ ದಿನ ಕ್ಯಾನಿನ ತಳ ಕಂಡಿತು.
ಊರಿಗೆಲ್ಲ ನೀರೆತ್ತಿ ಕೊಡುವವಳ ನಾಲಿಗೆ ಒಣಗಿದ ಚಕ್ಕೆ.
ಮೂರನೆಯ ಬೆಳಿಗ್ಗೆ ಮರಳಲ್ಲಿ ಕಂಡೆ, ಇನ್ನೊಂದು ಅಚ್ಚು:
ಹಾವಿನ ನಡೆಯ ಗೆರೆ, ಅಂಚಿನ ಮೂರನೆಯ ಹಲ್ಲು ಮುರುಕು.
ಆ ಹಲ್ಲು ನನಗೆ ಗೊತ್ತು. ಅದನ್ನು ಮುರಿದ ಕಲ್ಲೂ ಗೊತ್ತು.
ನನ್ನದೇ ಹಳೆಯ ಟೈರು, ಎಡಗಾಲು ಬಲಗಾಲಾಗಿ,
ಆಡಿನ ಗೊರಸುಗಳ ನಡುವೆ ಪಡುವಣಕ್ಕೆ ನಡೆದುಹೋಗಿತ್ತು.

ಹಿಂದೆಯೇ ನಡೆದೆ. ಗಾಳಿ ಅಳಿಸಿದಲ್ಲಿ ಊಹಿಸಿದೆ.
ಹೊತ್ತು ನೆತ್ತಿಗೇರುವಾಗ ಸಿಕ್ಕಳು ಕಾವಾಪುವಾ,
ಕಾಲಲ್ಲಿ ನನ್ನ ಟೈರು, ಕೈಯಲ್ಲಿ ಸೋರೆಬುರುಡೆಯ ಹುಳಿಹಾಲು.
ಪೂರ್ತಿ ಕುಡಿಯುವವರೆಗೂ ಮಾತಾಡಲಿಲ್ಲ.
ಆಮೇಲೆ ಬೈದಳು:
‘ಪಂಪು ಕೆಟ್ಟು ತಿಂಗಳಾಯಿತು,
ಈಗ ಬಂದೆಯಾ, ಅದೂ ಬರಿಗೈಯಲ್ಲಿ ನಡೆದು?’

ಕೊನೆಗೆ ಒಳಗಿನ ಕತ್ತಲಿಂದ ಹೊಸ ಜಾತಕದ ನಾಲ್ಕು ಬಂದವು,
ಹಲ್ಲು ಮಧ್ಯಮ, ಪಕ್ಕೆ ಮೂರು ಪದರ.
ಐದನೆಯದು ಬೇರೆ ಕಂಪನಿ, ಬೇರೆ ಗೆರೆ. ಇರಲಿ ಎಂದೆ.
ಚಿಪೊಂಬೊ ಹಳೆಯವನ್ನು ಆಗಲೇ ಬೇಲಿಗೆ ಒರಗಿಸಿ
ಗೇಣು ಹಾಕಿ ಎಣಿಸುತ್ತಿದ್ದ,
ಒಂದಕ್ಕೆ ಹದಿನಾಲ್ಕು ಪಾದ, ಮಕ್ಕಳದಾದರೆ ಇನ್ನೂ ನಾಲ್ಕು.
‘ಮುರಿದ ಹಲ್ಲಿದ್ದರೆ ಕೊಯ್ದು ಬಿಸಾಡಬೇಡ’ ಎಂದೆ.
‘ಯಾಕೆ?’
ಎಂಜಿನ್ ಚಾಲೂ ಆಗಿತ್ತು,
ಕೇಳಿಸದವಳಂತೆ ಗೇರು ಹಾಕಿದೆ.