ಮೂರನೇ ಬಾಗಿಲು

ನಗೆನಾಟಕಕ್ಕೆ ಮೊದಲು ಬೇಕಾದದ್ದು ಮಾತಲ್ಲ, ಬಾಗಿಲು.
ನಾನಂದದ್ದಲ್ಲ ಇದು. ಡೆನಿಸ್ ಪಾರ್ಫಿಟ್ ಅಂದದ್ದು,
ಸಿದ್ದಯ್ಯ ರಸ್ತೆಯ ನನ್ನ ಮಳಿಗೆಯಲ್ಲಿ,
ಮರದ ಹೊಟ್ಟಿನ ಮೇಲೆ ಪಾಲಿಶ್ ಬೂಟು ಊರಿ,
ಬೈಟು ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದು.

ಅದಕ್ಕೂ ಆರು ವರ್ಷ ಮುಂಚೆಯೇ
ಅವನ ನಾಟಕ ನಾವು ಕದ್ದಿದ್ದೆವು.
ಏಜೀಸ್ ಆಫೀಸಿನ ಸಂಪತ್ತಯ್ಯಂಗಾರ್ರು
ಊಟದ ಬಿಡುವಿನಲ್ಲಿ, ಲೆಡ್ಜರಿನ ಹಿಂಬದಿಯಲ್ಲಿ
ಪಾದ್ರಿಯನ್ನು ಪುರೋಹಿತ ಮಾಡಿದರು,
ವಿಸ್ಕಿಯನ್ನು ಬಾರ್ಲಿ ನೀರು,
ಕರ್ನಲ್ಲನ ಹೆಂಡತಿಯನ್ನು ಮಲ್ಲೇಶ್ವರದ ಸೋದರತ್ತೆ.
ಮಂಚದ ಕೆಳಗೆ ಅಡಗಿದವನು
ಯಾವ ದೇಶದಲ್ಲೂ ಅಡಗಿದವನೇ ಎಂದು
ಅವನೊಬ್ಬನನ್ನು ಹಾಗೇ ಬಿಟ್ಟರು.

ನನಗೆ ಬಂದದ್ದು ಒಂದು ಚೀಟಿ: ಐದು ಬಾಗಿಲು.
ಬಡಿದರೆ ಸದ್ದಾಗಬೇಕು, ಗೋಡೆ ಅಲುಗಬಾರದು.
ಗೋಡೆಯೋ, ಗೋಣಿತಟ್ಟು.
ನಮ್ಮಪ್ಪ ಗುಡಿಗೆ ಬಾಗಿಲು ಕೆತ್ತಿದವನು,
ಮಗ ಈ ಮೌನಾಚಾರಿ, ಸುಳ್ಳು ಹೇಳಿ ಓಡುವವರಿಗೆ.
ನಾಲ್ಕು ಸರಿಹೋದವು.
ಮೂರನೆಯದು ಎಷ್ಟು ಉಜ್ಜುಗೊರಡು ಆಡಿಸಿದರೂ
ಕಲಾಕ್ಷೇತ್ರದ ತೇವಕ್ಕೆ ಉಬ್ಬಿ
ಸಿಕ್ಕಿಕೊಳ್ಳುತ್ತಿತ್ತು.

ಕಳ್ಳತನದ ಸುದ್ದಿ ಲಂಡನ್ನಿಗೆ ಯಾರು ಮುಟ್ಟಿಸಿದರೋ.
ಒಂದು ಶ್ರಾವಣದಲ್ಲಿ ಮುದುಕನೇ ಬಂದಿಳಿದ,
ಮೆಜೆಸ್ಟಿಕ್ಕಿನ ಲಾಡ್ಜಿಗೆ, ಒಂದು ಸೂಟ್‌ಕೇಸು, ಒಂದು ಛತ್ರಿ.
ಅಯ್ಯಂಗಾರ್ರಿಗೆ ಬಿ.ಪಿ.
ಇನ್ನೂರ ಹದಿಮೂರು ಪ್ರಯೋಗ,
ರಾಯಲ್ಟಿ ಕೂಡಿಸಿ, ಗುಣಿಸಿ, ಅಳಿಸಿ,
ಹೆಂಡತಿಯ ಓಲೆಯ ಕಡೆ ನೋಡಿದರಂತೆ.

ಆಮೇಲೆ ಅವರೇ ದುಭಾಷಿ.
ಪಾರ್ಫಿಟ್ಟನ ಅಪ್ಪ ಸಮುದ್ರದ ಊರಲ್ಲಿ ಗುಂಡಿ ಮಾರುತ್ತಿದ್ದ,
ಕೋಟಿನ ಗುಂಡಿ. ಹುಡುಗನಿಗೆ ಹದಿನಾರಕ್ಕೆ
ನಾಟಕಶಾಲೆಯ ಹೊರಗೆ ಕೋಟು ಕಾಯುವ ಕೆಲಸ.
ಗೋಡೆಯಾಚೆ ಜನ ನಗುವುದು ಕೇಳುತ್ತಿತ್ತು,
ಯಾವ ಮಾತಿಗೋ ತಿಳಿಯುತ್ತಿರಲಿಲ್ಲ.
ಆ ಮಾತು ಊಹಿಸಿ ಊಹಿಸಿ
ನಾಟಕಕಾರನಾದ.
ಮೂವತ್ತೊಂದು ಬರೆದ. ಒಂದು ಏಳು ವರ್ಷ ಓಡಿತು.
ಅದು ಓಡುತ್ತಿರುವಾಗಲೇ ಹೆಂಡತಿ ಹೋದಳು,
ಬಾಗಿಲು ಮೆಲ್ಲಗೆ ಹಾಕಿಕೊಂಡು.
ಆ ಸದ್ದು ನನಗೆ ಬರೆಯಲು ಬರಲಿಲ್ಲ, ಅಂದ.
ಆಮೇಲೆ ಅಲ್ಲಿಯ ಜನಕ್ಕೆ
ಒಂದೇ ಬಾಗಿಲಿನ, ಜಾಸ್ತಿ ಸುಮ್ಮನಿರುವ ನಾಟಕ ಬೇಕಾದವು.
ಅಯ್ಯಂಗಾರ್ರು ನಡುವೆ ತಮ್ಮದೂ ಸೇರಿಸಿರಬಹುದು.
ಅಭ್ಯಾಸಬಲ.

ಇನ್ನೂರ ಹದಿನಾಲ್ಕನೇ ರಾತ್ರಿ
ಮೂರನೇ ಸಾಲಿನ ತುದಿಯಲ್ಲಿ ಕೂತ. ನಗಲಿಲ್ಲ.
ಗಡಿಯಾರ ಹಿಡಿದು, ಬಾಗಿಲು ಬಡಿದ ಮೇಲೆ
ನಗು ಏಳಲು ಎಷ್ಟು ಹೊತ್ತೆಂದು
ತುಟಿಯಲ್ಲೇ ಎಣಿಸುತ್ತಿದ್ದ.
ಎರಡನೇ ಅಂಕದಲ್ಲಿ ಮೂರನೆಯದು ಸಿಕ್ಕಿಕೊಂಡಿತು.
ನಾನು ಸೈಡ್‌ವಿಂಗಿನಲ್ಲಿ ಬೆವೆತೆ.
ಪುರೋಹಿತನ ಪಾತ್ರದ ಸುಬ್ರಾಯ ಹೊಳ್ಳ
ಎಳೆದ, ಒದ್ದ, ಪಂಚೆ ಎತ್ತಿ ಕಟ್ಟಿದ, ಕೊನೆಗೆ
ಸಭೆಯ ಕಡೆ ತಿರುಗಿ, ‘ಮುಟ್ಟಬಾರದಂತೆ. ಬಾಗಿಲಿಗೂ ಮಡಿ!’
ಛಾವಣಿ ಹಾರಿತು.

ಏನಂದ, ಏನಂದ ಎಂದು ಮುದುಕ ಅಯ್ಯಂಗಾರ್ರ ತೋಳು ಹಿಡಿದ.
ಮಡಿಯನ್ನು ಇಂಗ್ಲಿಷಿಗೆ ತರಲು
ಅವರಿಗೆ ಇಡೀ ಮೂರನೇ ಅಂಕ ಹಿಡಿಯಿತು.
‘ಇದು ನಾನು ಬರೆದದ್ದಲ್ಲ’ ಎಂದು
ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡ.
ಆಗ ನಕ್ಕ. ನಾಟಕ ಮುಗಿದು ದೀಪ ಆರಿಸುತ್ತಿದ್ದರು.

ಚಂದಾ ಎತ್ತಿದ ಮುನ್ನೂರು ರೂಪಾಯಿಯ ಕವರು ಮುಟ್ಟಲಿಲ್ಲ.
ಮರುದಿನ ಮಳಿಗೆಗೆ ಬಂದು, ರಾಯಲ್ಟಿ ಎಂದು
ಮೂರನೇ ಬಾಗಿಲಿನ ಕೆಳಗಿನ ಕೀಲು ಕೇಳಿದ.
ಬಿಚ್ಚಿಕೊಟ್ಟೆ. ಕರ್ಚೀಫಿನಲ್ಲಿ ಸುತ್ತಿ
ಎದೆಯ ಜೇಬಿಗೆ ಇಳಿಸಿದ. ಕೋಟು ಒಂದು ಕಡೆಗೆ ವಾಲಿತು.

ಹೋದ ಸುದ್ದಿ ಪೇಪರಿನಲ್ಲಿ ನಾಲ್ಕು ಸಾಲು, ಫೋಟೋ ಇಲ್ಲ.
ತಂಡ ಮುಚ್ಚಿತು. ನಾಲ್ಕು ಬಾಗಿಲು
ಕಲಾಸಿಪಾಳ್ಯದ ಮೆಸ್ಸೊಂದರ ಒಲೆಗೆ.
ಮೂರನೆಯದಕ್ಕೆ ಬೇರೆ ಕೀಲು ಹಾಕಿ
ಮನೆಯ ಬಚ್ಚಲಿಗೆ ಜೋಡಿಸಿದ್ದೇನೆ.
ಮಳೆ ಬಂದರೆ ಈಗಲೂ ಉಬ್ಬುತ್ತದೆ.
‘ಮಾವ, ತಳ್ಳಬೇಡಿ, ಎಳೀರಿ!’ ಸೊಸೆ ಕೂಗುತ್ತಾಳೆ.
ಟವೆಲ್ಲು ಸುತ್ತಿ ಒಳಗೇ ನಿಂತಿರುತ್ತೇನೆ.
ಆಚೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ,
ಯಾವ ಮಾತಿಗೋ.