ಮಂಡಿಯ ಮಡಿ

ಬೆರಳ ತುದಿಯಿಂದ ಮೊಣಕೈಗೆ ನೀರಿಳಿಯಲು ಬಿಟ್ಟು
ಕೈ ಮೇಲೆತ್ತಿ ನಿಲ್ಲುತ್ತೇನೆ,
ಏನನ್ನೂ ಮುಟ್ಟದೆ, ಯಾರಿಗೂ ತಾಗದೆ,
ಬಾಗಿಲನ್ನು ಬೆನ್ನಿನಿಂದ ತಳ್ಳಿ ಒಳಗೆ.
ಸೋದರತ್ತೆ ಹೀಗೇ ಬರುತ್ತಿದ್ದಳು ಬಚ್ಚಲಿಂದ,
ಒದ್ದೆ ಸೀರೆ, ಓರೆ ನಡಿಗೆ,
‘ಸರೀರೇ ಆಚೆ’ ಎಂದು ಎಲ್ಲರಿಗೂ ಒಂದೇ ಮಾತು.
ಅಂಗಳದ ನಾಯಿಗೆ ಮಾತೂ ಇಲ್ಲ, ಸೌದೆ ತುಂಡು.

ಇಲ್ಲಿ, ಪೋರ್ಟ್ ಅಗಸ್ಟಾದಲ್ಲಿ,
ನಾಯಿಗಾಗಿಯೇ ಮಡಿ.

ಮೇಜಿನ ಮೇಲೆ ಕೆಲ್ಪಿ, ಹೆಸರು ಮಸ್ಟರ್ಡ್.
ಕುರಿ ಅಟ್ಟುತ್ತಾ ತಿರುಗಿದಾಗ ಮಂಡಿಯ ನಾರು ಹರಿದು
ಒಳಗೆ ಉಕ್ಕಿನ ತಗಡು ಕೂರಬೇಕು.
ಮತ್ತು ಹತ್ತಿದ ಮೇಲೆಯೇ ಕೂದಲು ತೆಗೆದದ್ದು;
ಹಿಂದಿನ ರಾತ್ರಿ ಬೋಳಿಸಿದರೆ
ಕಣ್ಣಿಗೆ ಕಾಣದ ಗೀರುಗಳಲ್ಲಿ
ಬೆಳಗಾಗುವುದರೊಳಗೆ ಒಂದು ಊರೇ ನೆಲೆಸಿರುತ್ತದೆ.
ನಡುವಿಂದ ಹೊರಕ್ಕೆ ಒರೆಸಿದೆ.
ಅಂಚು ಮುಟ್ಟಿದ ಬಟ್ಟೆ ನಡುವಿಗೆ ಮರಳಬಾರದು.

ಡಾಕ್ಟರ್ ಕ್ವಿಲ್ಟಿ ತಟ್ಟನೆ ತೋರುಬೆರಳು ನೋಡಿಕೊಂಡಳು.
ಗ್ಲೌಸಿನಲ್ಲಿ ಸೂಜಿಮೊನೆಯಷ್ಟು ತೂತು, ಇದೆಯೋ ಇಲ್ಲವೋ.
ನಾನು ಕಂಡಿರಲಿಲ್ಲ, ನಾಯಿಯಂತೂ ಹೇಳುವುದಿಲ್ಲ.
ಬಿಚ್ಚಿದಳು. ಹೊಸದು ತೊಟ್ಟಳು.
ಅತ್ತೆ ಕಾಯುತ್ತಿದ್ದುದು ತನ್ನ ಮೈಯನ್ನು.

ಮರುಸಂಜೆ ಪೆಂಗೆಲ್ಲಿ ಬಂದ,
ಎಪ್ಪತ್ತಾರು ವರ್ಷ, ಐವತ್ತು ವರ್ಷ ಉಣ್ಣೆ ಕತ್ತರಿಸಿದವ,
ಟೋಪಿಯ ತುಂಬ ಕೆಂಪು ಧೂಳು.
‘ನೆಕ್ಕಲಿ ಬಿಡು ಪ್ಯಾಡಿ, ನಾಯಿಯ ನಾಲಿಗೆಯೇ ಮದ್ದು.
ನಾನು ಕುರಿಗಳಿಗೆ ಡಾಂಬರು ಬಳಿದೇ ಬದುಕಿಸಿದವ.’
(ಪದ್ಮಿನಿ ಅವನ ಬಾಯಲ್ಲಿ ನಿಲ್ಲಲೇ ಇಲ್ಲ.)
ನಮ್ಮೂರಲ್ಲೂ ಇದೇ ಮಾತಿತ್ತು, ಅದಕ್ಕೇ ಸಿಟ್ಟು ಬರಲಿಲ್ಲ.
ನೆಕ್ಕಬಾರದು ಅಂದೆ. ಸ್ನಾನ ಬೇಡ. ಓಟ ಬೇಡ.
ದಿನಕ್ಕೆರಡು ಸಲ ನೋಡು:
ಕೆಂಪೇರಿತೇ, ಬಿಸಿಯೇ, ಏನಾದರೂ ಒಸರುತ್ತದೆಯೇ.
ನೋಡುವ ಮೊದಲು ಕೈ ತೊಳೆ.
ಅವನು ತನ್ನ ಅಂಗೈ ನೋಡಿಕೊಂಡ,
ಬೇರೆ ಯಾರದ್ದೋ ಎಂಬಂತೆ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಲು ಬಂದರು.
ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಮೂರೇ ದಿನಕ್ಕೆ ಒಡೆದು
ಕತ್ತಿನಲ್ಲಿ ತಳ ಕೊಯ್ದ ಹಸಿರು ಬಕೆಟ್ಟು.
ಕ್ಯಾರವಾನಿನ ಗೋಡೆಯ ಕ್ಯಾಲೆಂಡರ್ ಹಾಳೆ ಹರಿದು ತಂದಿದ್ದ:
ಪ್ರತಿ ಮನೆಯಲ್ಲಿ ಎರಡೆರಡು ಗೀಟು.
ಏಳನೇ ತಾರೀಖು ಒಂದೇ ಗೀಟು, ಪಕ್ಕದಲ್ಲಿ ಸೊಟ್ಟ ಅಕ್ಷರ,
‘ಧೂಳುಗಾಳಿ. ಕರೆಂಟಿಲ್ಲ. ಮೂಸಿ ನೋಡಿದೆ.’

ಬಗ್ಗಿದೆ. ಗಾಯ ಒಣಗಿತ್ತು,
ಹೊಸ ಕೂದಲು ಗೋಧಿ ಕೂಳೆಯ ಹಾಗೆ ಎದ್ದಿತ್ತು.
ಮುಟ್ಟಲು ಕೈ ಚಾಚಿದೆ.
‘ತಡಿ,’ ಎಂದ ಮುದುಕ. ‘ಕೈ ತೊಳೆದೆಯಾ?’

ನಲ್ಲಿಯ ಕಡೆ ನಡೆದೆ.
ಬಕೆಟ್ಟಿನೊಳಗಿಂದ ಮಸ್ಟರ್ಡ್ ನನ್ನ ಕೈಯನ್ನೇ ನೋಡುತ್ತಿತ್ತು.